ಹುಣಸೂರಿಗೊಂದು ನಂಬರ್, ಮೈಸೂರಿಗೊಂದು ನಂಬರ್

ಕಳೆದ ಶ್ರಾವಣದಲ್ಲಿ ಅಕ್ಕನ ಮನೆಗೆ ಹೊರಟಿದ್ದೆ. ಬಸ್ಸು ಹುಣಸೂರು ಬಿಟ್ಟು ಹನಗೋಡಿನ ದಾರಿ ಹಿಡಿದ ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಆ ವಾಸನೆ ನುಗ್ಗಿತು. ಬೆಂಕಿ ಹಾಕಿ ಒಣಗಿಸುವ ಬ್ಯಾರನ್ ಮನೆಯ ಒಳಗೆ ಹೊಗೆಸೊಪ್ಪು ಬಿಸಿಗೆ ಹಳದಿಯಾಗುವಾಗ ಬರುವ ವಾಸನೆ. ಬೆಲ್ಲದ ಪಾಕ ತಳ ಹಿಡಿದಂತೆ ಅರ್ಧ ಸಿಹಿ, ಅರ್ಧ ಕಮಟು. ಪಕ್ಕದಲ್ಲಿ ಕೂತಿದ್ದ ಹುಡುಗಿ ದುಪ್ಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಕಿಟಕಿಯ ಗಾಜನ್ನು ಇನ್ನಷ್ಟು ಸರಿಸಿದೆ. ಎರಡು ಸಾವಿರನೇ ಇಸವಿಯ ಮಳೆಗಾಲ ಇಡೀ ನನ್ನ ಸೀರೆಗಳಲ್ಲಿ ಇದೇ ವಾಸನೆ ಇತ್ತು, ಮತ್ತು ಆ ಮಳೆಗಾಲ ಇಡೀ ನಾನು ಯಾರನ್ನೂ ನಂಬಿರಲಿಲ್ಲ.

ನನ್ನನ್ನೂ ಯಾರೂ ನಂಬಿರಲಿಲ್ಲ, ಅದೂ ನಿಜವೇ. ನಂಬದಿರುವುದು ನನ್ನ ಹುಟ್ಟುಗುಣ. ಬಸ್ಸಿನ ಬೋರ್ಡು ಓದಿಯೂ ಕಂಡಕ್ಟರನ್ನು ಕೇಳುತ್ತೇನೆ. ಅವನು ಹೇಳಿದ ಮೇಲೂ ಪಕ್ಕದ ಸೀಟಿನವರನ್ನು ಕೇಳುತ್ತೇನೆ. ಬಾಗಿಲಿಗೆ ಬೀಗ ಹಾಕಿ ಬೀದಿ ತುದಿಯಿಂದ ವಾಪಸ್ ಬಂದು ಎಳೆದು ನೋಡುತ್ತೇನೆ. ಆಗ ನಾನು ಹುಣಸೂರಿನ ಒಂದು ಸಣ್ಣ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಿದ್ದೆ. ಈ ಕೆಲಸಕ್ಕೆ ಈ ಗುಣ ತಕ್ಕದ್ದೇ ಎಂದು ಈಗಲೂ ನನ್ನ ಅಭಿಪ್ರಾಯ.

ಅಕ್ಕ ಜಯಮ್ಮನನ್ನು ಕೊಟ್ಟದ್ದು ವೀರನಹೊಸಹಳ್ಳಿಯ ಹತ್ತಿರಕ್ಕೆ. ಅವರ ಹೊಲ ಮುಗಿಯುವಲ್ಲಿ ಆನೆ ತಡೆಯುವ ಕಂದಕ, ಕಂದಕದ ಆಚೆ ನಾಗರಹೊಳೆಯ ಕಾಡು. ಮಳೆಗಾಲದಲ್ಲಿ ಅರ್ಧ ಹೊಲಕ್ಕೆ ಹೊಗೆಸೊಪ್ಪು, ಇನ್ನರ್ಧಕ್ಕೆ ಮುಸುಕಿನ ಜೋಳ. ಸೊಪ್ಪನ್ನು ಆನೆ ತಿನ್ನುವುದಿಲ್ಲ, ತುಳಿಯುತ್ತದೆ. ಜೋಳವನ್ನು ತಿಂದು ತುಳಿಯುತ್ತದೆ. ತೆನೆ ಹಾಲುಗಟ್ಟಿತೆಂದರೆ ಭಾವ ಸಣ್ಣೇಗೌಡರು ಹೊಲದ ಮೂಲೆಯ ಮರದ ಮೇಲಿನ ಅಟ್ಟಣೆ ಹತ್ತುತ್ತಿದ್ದರು. ಕತ್ತಲಾದ ಮೇಲೆ ಹೋಗಿ ಬೆಳಕು ಹರಿದ ಮೇಲೆ ಇಳಿದು ಬರುತ್ತಿದ್ದರು. ಇತ್ತ ಬ್ಯಾರನ್ನಿನ ಬೆಂಕಿ ಆರದಂತೆ, ಏರದಂತೆ ನೋಡಿಕೊಳ್ಳುವುದು ಅಕ್ಕನ ಪಾಲು. ಹಗಲು ಸೊಪ್ಪು ಕೀಳುವ, ಕಡ್ಡಿಗೆ ಕಟ್ಟುವ ಕೆಲಸ. ಅವರ ಮಗಳು ಪುಟ್ಟಿಗೆ ಆಗ ಮೂರು ವರ್ಷ. ಅವಳು ಮಲಗುವ ಹೊತ್ತಿಗೆ ಅಪ್ಪ ಹೊಲಕ್ಕೆ ಹೋಗುವುದು, ಏಳುವ ಹೊತ್ತಿಗೆ ಹೊಲದಿಂದ ಬರುವುದು.

ಹಿಂದಿನ ಮಳೆಗಾಲದಲ್ಲಿ ಪಕ್ಕದ ಹೊಲದವನೊಬ್ಬ ನಿದ್ದೆಗಣ್ಣಿನಲ್ಲಿ ಅಟ್ಟಣೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಅವನು ಬಿದ್ದಾಗ ಆನೆಗಳು ಹೊಲದಲ್ಲೇ ಇದ್ದವು. ಬದುಕಿದ್ದು ಅವನ ಪುಣ್ಯ. ಅಂದಿನಿಂದ ಅಕ್ಕನಿಗೆ ಒಂದೇ ಹಟ.

"ನೀನು ಅಷ್ಟೆಲ್ಲ ಓದ್ಕಂಡು ಮಕ್ಳಿಗೆ ಪಾಠ ಮಾಡ್ತೀಯಲ್ಲ ಸಾವಿತ್ರಿ, ನಿಮ್ಮ ಭಾವುನ್ನ ಅಟ್ಟಣೆಯಿಂದ ಇಳಿಸಾಂಗೆ ಒಂದು ಮಿಷಿನ್ ಮಾಡಾಕಾಗಕಿಲ್ವಾ?"

ಮಿಷಿನ್ ಇರಲಿಲ್ಲವೆಂದಲ್ಲ. ಹಿಂದಿನ ವರ್ಷ ಭಾವ ಯಾರೋ ಮಾರಿದ ಟೈಮರ್ ಹಾರನ್ ತಂದು ಕಟ್ಟಿದ್ದರು. ಅದು ಗಡಿಯಾರದ ಪ್ರಕಾರ ಕೂಗುತ್ತಿತ್ತು. ನಾಲ್ಕು ದಿನ ಆನೆಗಳು ಹೆದರಿದವು. ಆಮೇಲೆ ಕಂದಕದ ಆಚೆ ನಿಂತು ಅದು ಕೂಗುವುದನ್ನು ಕಾಯುತ್ತಿದ್ದವಂತೆ. ಕೂಗಿ ಮುಗಿದ ತಕ್ಷಣ, ಇನ್ನು ಇಷ್ಟು ಹೊತ್ತು ನಮ್ಮದು ಎಂಬಂತೆ ಇಳಿಯುತ್ತಿದ್ದವಂತೆ. ಭಾವ ಅದನ್ನು ಬಿಚ್ಚಿ ಕೊಟ್ಟಿಗೆಯ ಅಟ್ಟಕ್ಕೆ ಎಸೆದಿದ್ದರು. ಆನೆಯಷ್ಟು ಅನುಮಾನದ ಪ್ರಾಣಿ ಇನ್ನೊಂದಿಲ್ಲ ಎಂದು ಅವರು ಹೇಳಿದಾಗ ನನಗೆ ಆನೆಗಳ ಮೇಲೆ ಸ್ವಲ್ಪ ಅಭಿಮಾನವೇ ಹುಟ್ಟಿತು.

ಹಾಗಾದರೆ ಬೇಕಾದದ್ದು ಹೊತ್ತುಗೊತ್ತಿಲ್ಲದೆ ಕೂಗುವ ಪೆಟ್ಟಿಗೆ. ನನ್ನ ಜೊತೆ ಓದಿದ ಲೋಕೇಶ ಆಗ ಮೈಸೂರಿನಲ್ಲಿ ಎಲೆಕ್ಟ್ರಾನಿಕ್ ಚಿಪ್ಪುಗಳ ವಿನ್ಯಾಸ ಮಾಡುವ ಸಣ್ಣ ಸಂಸ್ಥೆಯೊಂದರಲ್ಲಿದ್ದ. ರಾವಂದೂರಿನವನು; ಅವರ ಮನೆಯಲ್ಲೂ ಸೊಪ್ಪು ಬೆಳೆಯುತ್ತಿದ್ದರು. ವಿಷಯ ಹೇಳುತ್ತಲೇ ಕುಣಿದುಬಿಟ್ಟ. ಅವನಿಗೆ ಎಲ್ಲವೂ ಸುಲಭ, ಎಲ್ಲವೂ ನಾಳೆಗೇ ಆಗುವಂಥದ್ದು. ಇಂಥವರನ್ನು ಕಂಡರೆ ನನಗೆ ಮೊದಲಿಂದಲೂ ಗುಮಾನಿ.

ಕೆಲಸ ವೆರಿಲಾಗ್ ಭಾಷೆಯಲ್ಲಿ. ಚಿಪ್ಪಿನ ಒಳಗಿನ ಸರ್ಕ್ಯೂಟು ಹೇಗಿರಬೇಕೆಂದು ಬರೆದು ಹೇಳುವ ಭಾಷೆ ಅದು. ಬರೆದದ್ದನ್ನು ನಿಜವಾದ ಚಿಪ್ಪಿಗೆ ಇಳಿಸುವ ಮೊದಲು ಕಂಪ್ಯೂಟರಿನಲ್ಲಿ ಓಡಿಸಿ ಪರೀಕ್ಷಿಸಬಹುದು. ಹಾಗೆ ಓಡಿಸುವ ತಂತ್ರಾಂಶಕ್ಕೆ ಸಿಮ್ಯುಲೇಟರ್ ಎನ್ನುತ್ತಾರೆ. ಲೋಕೇಶನ ಆಫೀಸಿನಲ್ಲಿ ಒಂದು ಕಂಪನಿಯದು, ನಮ್ಮ ಲ್ಯಾಬಿನಲ್ಲಿ ವಿದ್ಯಾರ್ಥಿಗಳಿಗೆಂದು ಬಂದ ಇನ್ನೊಂದು ಕಂಪನಿಯದು. ಭಾಷೆ ಮಾತ್ರ ಇಬ್ಬರದೂ ಒಂದೇ.

ಪೆಟ್ಟಿಗೆಯ ಹೊಟ್ಟೆಯಲ್ಲಿ ಸೊನ್ನೆ ಮತ್ತು ಒಂದುಗಳ ಒಂದು ಸಾಲು. ಪ್ರತಿ ಹೆಜ್ಜೆಗೂ ಸಾಲು ಒಂದು ಮನೆ ಜರುಗುತ್ತದೆ, ಖಾಲಿಯಾದ ಮನೆಗೆ ಹಳೆಯ ಕೆಲವು ಮನೆಗಳನ್ನು ನೋಡಿ ಹೊಸ ಅಂಕಿ ತುಂಬುತ್ತದೆ. ಹೀಗೆ ಹುಟ್ಟುವ ಸಂಖ್ಯೆ ಮುಂದಿನ ಕೂಗು ಎಷ್ಟು ಹೊತ್ತಿಗೆ ಎಂದು ತೀರ್ಮಾನಿಸುತ್ತದೆ. ಇದರಲ್ಲಿ ಅಪಾಯ ಒಂದೇ: ಸಾಲಿನಲ್ಲಿ ಬರೀ ಸೊನ್ನೆ ತುಂಬಿಕೊಂಡರೆ ಮುಂದೆ ಹುಟ್ಟುವುದೂ ಸೊನ್ನೆಯೇ. ಪೆಟ್ಟಿಗೆ ಮತ್ತೆಂದೂ ಕೂಗುವುದಿಲ್ಲ. ಸ್ವಿಚ್ಚು ಹಾಕಿದಾಗ ಒಂದನ್ನು ತುಂಬಿಯೇ ಶುರುವಾಗುವಂತೆ ನಾವು ನೋಡಿಕೊಂಡಿದ್ದೆವು. ಆದರೆ ನಡುವೆ ಕರೆಂಟು ಅರೆ ಗಳಿಗೆ ಕುಸಿದು ಸಾಲಿನ ಅಂಕಿಗಳು ಅಳಿಸಿಹೋದರೆ? ನಮ್ಮ ಕಡೆಯ ಕರೆಂಟು ಯಾವಾಗ ಕುಸಿಯುತ್ತದೆಂದು ದೇವರಿಗೂ ಗೊತ್ತಿರಲಿಲ್ಲ. ಆದ್ದರಿಂದ ಪರೀಕ್ಷೆಯಲ್ಲಿ ಕುಸಿತದ ಗಳಿಗೆಗಳನ್ನು ಆರಿಸುವ ಕೆಲಸವನ್ನು ಆ ಭಾಷೆಯಲ್ಲೇ ಇರುವ ಒಂದು ಫಂಕ್ಷನ್ನಿಗೆ ಬಿಟ್ಟೆವು. ಕೇಳಿದಾಗಲೆಲ್ಲ ಅದು ಊಹೆಗೆ ಸಿಗದ ಒಂದು ಸಂಖ್ಯೆ ಕೊಡುತ್ತದೆ. ಆದರೆ ಶುರುವಿನಲ್ಲಿ ನಾವು ಕೊಡುವ ಅಂಕಿ ಒಂದೇ ಆದರೆ ಪ್ರತಿ ಸಲವೂ ಅದೇ ಸಾಲು ಬರಬೇಕು. ಇಲ್ಲದಿದ್ದರೆ ಸಿಕ್ಕ ತಪ್ಪನ್ನು ಇನ್ನೊಬ್ಬರಿಗೆ ತೋರಿಸುವುದು ಹೇಗೆ?

ಒಂದೇ ಫೈಲು, ಶುರುವಿನ ಅಂಕಿಯೂ ಒಂದೇ. ಲೋಕೇಶನ ಕಂಪ್ಯೂಟರಿನಲ್ಲಿ ಪೆಟ್ಟಿಗೆ ಎಷ್ಟು ಹೊತ್ತು ಓಡಿಸಿದರೂ ಕೂಗಿತು. ನನ್ನದರಲ್ಲಿ ಒಂದು ಕುಸಿತವಾದ ಮೇಲೆ ಗಪ್‌ಚಿಪ್.

"ನೀನು ಎಲ್ಲೋ ಕೈಯಾಡ್ಸಿದೀಯ ಕಣೇ," ಎಂದ ಅವನು ಫೋನಿನಲ್ಲಿ.

"ನಾನು ಒಂದಕ್ಷರ ಮುಟ್ಟಿಲ್ಲ. ನೀನು ಓಡ್ಸಿದೀಯೋ, ಓಡ್ಸಿದೆ ಅಂತ ಬಾಯಲ್ಲಿ ಹೇಳ್ತಿದೀಯೋ?"

ಅವನಿಗೆ ಕೋಪ ಬಂತು. ಬರಲಿ ಎಂದುಕೊಂಡೆ. ಅವನು ಪೂರ್ತಿ ಓಡಿಸಿಯೇ ಇಲ್ಲ ಎಂಬುದು ನನ್ನ ಗುಮಾನಿ. ನನ್ನ ಹುಟ್ಟುಗುಣಕ್ಕೆ ತಕ್ಕಂತೆ ನಾನೇ ಒಂದು ತಪ್ಪನ್ನು ಹುಟ್ಟಿಸಿಕೊಂಡಿದ್ದೇನೆ ಎಂಬುದು ಅವನ ಗುಮಾನಿ. ಫ್ಲಾಪಿಯಲ್ಲಿ ಅವನ ಫೈಲು ತರಿಸಿ ನನ್ನದರ ಜೊತೆ ಸಾಲುಸಾಲಾಗಿ ಹೋಲಿಸಿದೆ. ಒಂದು ಚುಕ್ಕೆಯೂ ಬೇರೆ ಇರಲಿಲ್ಲ. ಆಮೇಲೆ ಫ್ಲಾಪಿಯ ಮೇಲೇ ಅನುಮಾನ ಬಂದು ಇನ್ನೊಂದು ತರಿಸಿದೆ. ಲ್ಯಾಬಿನಲ್ಲಿ ಒಬ್ಬಳೇ ಕೂತು, ನಮ್ಮ ಸಿಮ್ಯುಲೇಟರ್ ಪುಕ್ಕಟೆಯದು, ಬಹುಶಃ ಇದಕ್ಕೇ ತಲೆ ಕೆಟ್ಟಿರಬೇಕು ಎಂದೂ ಯೋಚಿಸಿದೆ. ಮಳೆ ನಿಲ್ಲುತ್ತಿರಲಿಲ್ಲ. ಆ ವಾರ ನನಗೆ ಊಟ ಸೇರಲಿಲ್ಲ.

ಅಷ್ಟರಲ್ಲಿ ಅಕ್ಕ ಪಕ್ಕದ ಮನೆಯ ಫೋನಿನಿಂದ ಪಾಲಿಟೆಕ್ನಿಕ್ಕಿಗೆ ಫೋನು ಮಾಡಿದಳು. ದನಿಯಲ್ಲಿ ಹಬ್ಬದ ಕಳೆ.

"ಲೋಕೇಶಪ್ಪ ಭಾನುವಾರ ಬಂದು ಪೆಟ್ಟಿಗೆ ಕಟ್ಟಿ ವೋದ ಕಣೇ. ಏನ್ ಕೂಗ್ತದೆ ಅಂತೀಯ! ಇನ್ನ ನಿಮ್ಮ ಭಾವ ಮನೇಲಿ ಮಲಗ್‌ಬೋದು ಅಂತ ಹೇಳವ್ನೆ."

ಪೆಟ್ಟಿಗೆ ಕೂಗುತ್ತದೆಂದು ನಂಬಿ ಭಾವ ಮನೆಯಲ್ಲಿ ಮಲಗಿರುವಾಗ ಅದು ಬಾಯಿ ಮುಚ್ಚಿದರೆ ಹೊಲ ಹೋಗುತ್ತದೆ. ಸದ್ದು ಕೇಳಿ ನಿದ್ದೆಗಣ್ಣಿನಲ್ಲಿ ಕತ್ತಲಿಗೆ ಓಡಿದರೆ ಭಾವನೂ ಹೋಗಬಹುದು. "ಅಕ್ಕ, ಅದನ್ನ ನಂಬಬೇಡಿ, ಇನ್ನೂ ಪರೀಕ್ಷೆ ಮುಗಿದಿಲ್ಲ," ಎಂದೆ.

"ನಿಂದು ಇದ್ದಿದ್ದೇ ಬುಡು. ಚಿಕ್ಕೋಳಿದ್ದಾಗ ಪ್ರಸಾದನೂ ಮೂಸಿ ನೋಡ್ತಿದ್ದೆ," ಎಂದು ಅಕ್ಕ ಫೋನಿಟ್ಟಳು.

ಅಂದು ಸಂಜೆ ಬಸ್‌ಸ್ಟ್ಯಾಂಡಿನ ಎದುರಿನ ಎಸ್‌ಟಿಡಿ ಬೂತಿನಿಂದ ಲೋಕೇಶನಿಗೆ ಫೋನು ಮಾಡಿದೆ. ಜಗಳವಾಡಲಿಲ್ಲ. ಒಂದೇ ಮಾತು ಕೇಳಿದೆ: ಪೆಟ್ಟಿಗೆಯ ವಿಷಯ ಬಿಡು, ಆ ಫಂಕ್ಷನ್ ಕೊಡುವ ಸಂಖ್ಯೆಗಳನ್ನಷ್ಟೇ ಮೊದಲಿನಿಂದ ಓದು. ಸಂಖ್ಯೆಗಳು ಉದ್ದುದ್ದ ಇದ್ದುದರಿಂದ ಕೊನೆಯ ಎರಡೆರಡು ಅಂಕಿ ಸಾಕು ಎಂದೆ. ನಾನೂ ಮಧ್ಯಾಹ್ನ ಬರೆದುಕೊಂಡು ಬಂದಿದ್ದೆ. ಲೈನು ಗರಗರ ಅನ್ನುತ್ತಿತ್ತು, ಹೊರಗೆ ಮಳೆ ಬೇರೆ. ಹಾಗಾಗಿ ಕೂಗಿಯೇ ಓದಬೇಕಾಯಿತು.

"ನಲವತ್ತೆಂಟು! ಹದಿನೇಳು! ಅರವತ್ತಮೂರು! ನಿಂದೇನು?"

ಬೂತಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಓದುತ್ತಾ ಓದುತ್ತಾ ಹೊರಗಿನ ಗದ್ದಲ ಯಾವಾಗಲೋ ನಿಂತುಹೋಗಿದ್ದು ಗಮನಕ್ಕೆ ಬಂತು. ತಿರುಗಿ ನೋಡಿದರೆ ಮಳೆಗೆ ನಿಂತಿದ್ದ ಗಂಡಸರೆಲ್ಲ ಬಾಗಿಲಿಗೆ ಕಿವಿ ಕೊಟ್ಟಿದ್ದರು. ಒಬ್ಬ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದ. ನಾನು ಹೊರಗೆ ಬಂದಾಗ ಬೂತಿನ ರಂಗಪ್ಪ ದನಿ ತಗ್ಗಿಸಿ ಕೇಳಿದರು.

"ಮೇಡಂ, ತಪ್ಪು ತಿಳ್ಕಬ್ಯಾಡಿ. ಇವತ್ತು ಓಪನ್ ನಂಬರ್ ಯಾವುದು?"

ಮಟ್ಕಾ! ನಾನು ಮಟ್ಕಾ ಜೂಜಿನ ನಂಬರು ಹಿಡಿಯುತ್ತಿದ್ದೇನೆಂದು ತಿಳಿದಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. "ಅದಲ್ಲ ರಂಗಪ್ಪನೋರೇ. ಇದು ಕಾಲೇಜಿನ ಕೆಲಸ. ಇಬ್ಬರದೂ ಒಂದೇ ನಂಬರ್ ಬರಬೇಕಿತ್ತು, ಬರ್ತಿಲ್ಲ. ಮೈಸೂರಿಗೇ ಒಂದು ಬರ್ತದೆ, ಇಲ್ಲಿಗೇ ಒಂದು ಬರ್ತದೆ," ಎಂದೆ.

ರಂಗಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮಟ್ಕಾದೋರೇ ವಾಸಿ ಬುಡಿ ಮೇಡಂ. ಅವರ ನಂಬರ್ ಕೆ.ಆರ್. ನಗರದಲ್ಲೂ ಒಂದೇ, ಎಚ್.ಡಿ. ಕೋಟೇಲೂ ಒಂದೇ."

ಸುತ್ತಲಿದ್ದವರು ನಕ್ಕರು. ನಾನು ತಲೆ ತಗ್ಗಿಸಿ ಮಳೆಯಲ್ಲೇ ನಡೆದೆ. ಆದರೆ ಸೇತುವೆಯ ಹತ್ತಿರ ಬರುವಷ್ಟರಲ್ಲಿ ಕಾಲು ತಾನಾಗಿ ನಿಂತಿತು. ಆ ನಂಬರು ಎಲ್ಲಿ ಹುಟ್ಟಿದರೂ ಎಲ್ಲ ಊರಿಗೂ ಅದೇ ಎಂದು ಆಡುವವರಿಗೆ ಗೊತ್ತು. ನಮ್ಮ ಫಂಕ್ಷನ್ನಿನ ಬಗ್ಗೆ ಹಾಗೆಂದು ನಮಗೆ ಹೇಳಿದವರು ಯಾರು? ಬಾಡಿಗೆ ಕೋಣೆಗೆ ಓಡಿ ಭಾಷೆಯ ನಿಯಮಗಳ ಪುಸ್ತಕದ ಜೆರಾಕ್ಸ್ ತೆಗೆದೆ. ಆ ಫಂಕ್ಷನ್ ಸಂಖ್ಯೆ ಕೊಡುತ್ತದೆ ಎಂದಿತ್ತು. ಶುರುವಿನ ಅಂಕಿ ಕೊಡಬಹುದು ಎಂದಿತ್ತು. ಸಂಖ್ಯೆಯನ್ನು ಯಾವ ಲೆಕ್ಕದಿಂದ ಹುಟ್ಟಿಸಬೇಕು ಎಂದು ಎಲ್ಲೂ ಇರಲಿಲ್ಲ. ಒಂದೊಂದು ಕಂಪನಿ ತನಗೆ ತೋಚಿದ ಲೆಕ್ಕ ಹಾಕಿಕೊಂಡಿತ್ತು. ಹಾಗಾಗಿ ನನ್ನಲ್ಲಿ ಕುಸಿತ ಬಿದ್ದ ಕೆಟ್ಟ ಗಳಿಗೆಗೆ ಅವನಲ್ಲಿ ಬಿದ್ದೇ ಇರಲಿಲ್ಲ. ಲೋಕೇಶ ಸುಳ್ಳು ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನಾವು ಒಂದೇ ಪರೀಕ್ಷೆ ಎಂದುಕೊಂಡು ಎರಡು ಬೇರೆ ಪರೀಕ್ಷೆ ಮಾಡಿ ಒಬ್ಬರನ್ನೊಬ್ಬರು ಬೈದುಕೊಂಡಿದ್ದೆವು.

ಮರುದಿನ ಬೆಳಿಗ್ಗೆ ಪ್ರಿನ್ಸಿಪಾಲರಿಂದ ಕರೆ ಬಂತು. ಕೆ.ಆರ್. ನಗರದ ಕಡೆಯವರು, ಮಿತಭಾಷಿ. ಮೇಜಿನ ಮೇಲಿನ ಪೇಪರ್‌ವೇಟನ್ನು ತಿರುಗಿಸುತ್ತಾ, ನನ್ನ ಮುಖ ನೋಡದೆ ಹೇಳಿದರು.

"ಊರಲ್ಲಿ ಏನೋ ಮಾತು ಬರ್ತಿದೆಯಮ್ಮ. ಫೋನಿನಲ್ಲಿ ನಂಬರು ಹೇಳ್ತಿದ್ರಂತೆ. ಹೆಣ್ಮಕ್ಕಳು, ಲೆಕ್ಚರರ್ ಬೇರೆ."

ಅವಮಾನವಾಯಿತು. ಆದರೆ ಅಳುವುದಕ್ಕೆ ಹೊತ್ತಿರಲಿಲ್ಲ. ಎಲ್ಲವನ್ನೂ ಹೇಳಿದೆ: ಭಾವ, ಅಟ್ಟಣೆ, ಪೆಟ್ಟಿಗೆ, ಎರಡು ಊರಿನ ಎರಡು ನಂಬರು. ಅವರ ಹುಬ್ಬು ಇಳಿಯಲಿಲ್ಲ. "ನಿಮ್ಮ ಫೋನಿನಿಂದಲೇ ಮಾಡ್ತೀನಿ ಸರ್, ನೀವೇ ಕೂತು ಕೇಳಿ," ಎಂದೆ. ಅವರು ಡ್ರಾಯರಿನಿಂದ ಕೀಲಿ ತೆಗೆದು ಫೋನಿನ ಎಸ್‌ಟಿಡಿ ಬೀಗ ಬಿಚ್ಚಿದರು. ನಂಬಿ ಅಲ್ಲ, ಸಿಕ್ಕಿಹಾಕಿಸೋಣ ಎಂದೇ ಇರಬೇಕು.

ಲೋಕೇಶನಿಗೆ ವಿಷಯ ಹೇಳಿದೆ. "ಥೂ!" ಎಂದ. ಕಂಪನಿಗಳ ಫಂಕ್ಷನ್ನನ್ನು ಕಿತ್ತೆಸೆದು ನಮ್ಮದೇ ಒಂದು ಲೆಕ್ಕ ಮಾಡಿಕೊಂಡೆವು: ಹಿಂದಿನ ಸಂಖ್ಯೆಯನ್ನು ಇಂತಿಷ್ಟರಿಂದ ಗುಣಿಸು, ಇಂತಿಷ್ಟು ಕೂಡು, ಇಂತಿಷ್ಟರಿಂದ ಭಾಗಿಸಿ ಉಳಿದದ್ದನ್ನು ತಗೋ. ಕಾಗದದ ಮೇಲೆ ಯಾರು ಮಾಡಿದರೂ ಒಂದೇ ಬರಬೇಕಾದ ಲೆಕ್ಕ. ಅದನ್ನು ಇಬ್ಬರೂ ನಮ್ಮನಮ್ಮ ಫೈಲಿಗೆ ಸೇರಿಸಿ ಮಧ್ಯಾಹ್ನ ಮತ್ತೆ ಫೋನಿನಲ್ಲಿ ಓದತೊಡಗಿದೆವು. ಪ್ರಿನ್ಸಿಪಾಲರು ಎದುರಿಗೇ ಕೂತಿದ್ದರು. ನಾನು ಓದಿದ ನಂಬರನ್ನು ಅವನು ಓದಿದ, ಅವನು ಓದಿದ್ದನ್ನು ನಾನು. ಒಂದೂ ತಪ್ಪಲಿಲ್ಲ. ಪ್ರಿನ್ಸಿಪಾಲರ ಕೈಯಲ್ಲಿ ಪೇಪರ್‌ವೇಟ್ ತಿರುಗುವುದು ನಿಂತಿತು. ತಮಗೇ ಗೊತ್ತಿಲ್ಲದಂತೆ ಮುಂದಕ್ಕೆ ಬಾಗಿದ್ದರು.

"ಈಗ ಪೂರ್ತಿ ಓಡ್ಸು," ಎಂದೆ. ನನ್ನ ಲ್ಯಾಬಿನಲ್ಲಿ ಆಗಲೇ ಓಡಿಸಿ ಬಂದಿದ್ದೆ. ಪೆಟ್ಟಿಗೆ ಎಲ್ಲಿ ಬಾಯಿ ಮುಚ್ಚಿತ್ತೆಂದು ಚೀಟಿಯಲ್ಲಿ ಬರೆದು ಪ್ರಿನ್ಸಿಪಾಲರ ಮುಂದೆ ಮಗುಚಿಟ್ಟಿದ್ದೆ, ಅವನಿಗೆ ಹೇಳಿರಲಿಲ್ಲ.

ಲೈನಿನಲ್ಲಿ ಗರಗರ ಬಿಟ್ಟರೆ ಏನೂ ಇಲ್ಲ. ಕೊನೆಗೆ ಲೋಕೇಶನ ದನಿ ಬಂತು, ಸಣ್ಣಗೆ.

"ನಿಂತೋಯ್ತು ಕಣೇ ಸಾವಿತ್ರಿ." ಎಲ್ಲಿ ನಿಂತಿತೆಂದೂ ಹೇಳಿದ. ಪ್ರಿನ್ಸಿಪಾಲರು ಚೀಟಿ ತಿರುಗಿಸಿ ನೋಡಿ, ನನ್ನ ಅರ್ಧ ದಿನದ ರಜೆಗೆ ತಾವೇ ಸಹಿ ಹಾಕಿದರು.

ಗೆದ್ದ ಖುಷಿ ನನಗೆ ಒಂದು ಗಳಿಗೆಯೂ ಇರಲಿಲ್ಲ. ಕೆಟ್ಟ ಪೆಟ್ಟಿಗೆ ಆಗಲೇ ಹೊಲದಲ್ಲಿ ತೂಗುತ್ತಿತ್ತು. ಲೋಕೇಶ ಮೈಸೂರಿನಿಂದ ಸಿಕ್ಕ ಬಸ್ಸು ಹತ್ತಿ ಬಂದ, ಇಬ್ಬರೂ ಹುಣಸೂರಿನಲ್ಲಿ ಕೂಡಿ ಮುಂದಿನ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಅವನು ಕಿಟಕಿಯ ಹೊರಗೇ ನೋಡುತ್ತಿದ್ದ. ಯಾವ ಊರಿನಲ್ಲಿ ಬಸ್ಸು ನಿಂತರೂ, ಈಗ ಯಾರಾದರೂ ಹತ್ತಿ ವೀರನಹೊಸಹಳ್ಳಿ ಕಡೆಯ ಕೆಟ್ಟ ಸುದ್ದಿ ಹೇಳುತ್ತಾರೆ ಎಂದು ನಾನು ಬಾಗಿಲನ್ನೇ ನೋಡುತ್ತಿದ್ದೆ.

ಅಕ್ಕ ಬ್ಯಾರನ್ನಿನ ಮುಂದೆ ಸೌದೆ ತಳ್ಳುತ್ತಿದ್ದಳು. ಮುಖ ಗಂಟಾಗಿತ್ತು. ನಮ್ಮನ್ನು ನೋಡಿ, "ಭಾವ ಎಲ್ಲಿ?" ಎಂದು ನಾನು ಕೇಳುವ ಮೊದಲೇ ಹೊಲದ ಕಡೆ ಕೈ ಬೀಸಿದಳು.

"ಅಲ್ಲೇ ಅವ್ರೆ. ಪೆಟ್ಟಿಗೆ ಬಂದ್ರೂ ಅಟ್ಟಣೆ ಬುಡಾಕಿಲ್ಲ ಅಂತಾರೆ. ನೆನ್ನೆ ರಾತ್ರಿನೂ ವೋಗಿ ಅದರ ಬುಡದಲ್ಲೇ ಕೂತಿದ್ರು."

ಭಾವ ಅಟ್ಟಣೆಯ ಕೆಳಗೆ, ಬೇಲಿಯ ಮುರಿದ ಗೂಟವೊಂದನ್ನು ನೆಡುತ್ತಿದ್ದರು. ಕಣ್ಣು ಕೆಂಡದ ಹಾಗಿತ್ತು. ನನಗೆ ಅಳು ನುಗ್ಗಿ ಬಂತು, ತಡೆಯಲಿಲ್ಲ.

"ಯಾಕವ್ವ ಅಳ್ತೀಯ? ನೀನೇ ಅಲ್ವಾ ಫೋನಲ್ಲಿ ನಂಬಬ್ಯಾಡಿ ಅಂದಿದ್ದು? ಪೆಟ್ಟಿಗೆ ನಿದ್ದೆ ಮಾಡ್ತದೇನೋ ಅಂತ ಕಾಯ್ತಾ ಕೂತಿದ್ದೆ. ರಾತ್ರಿ ಕರೆಂಟು ಕಣ್ಣು ಮಿಟುಕಿಸ್ತು ನೋಡು, ಮಲಿಕತ್ತು. ಆಮ್ಯಾಕೆ ಬೆಳಗಾಗೋಗಂಟ ನಾನೇ ಡಬ್ಬ ಬಡ್ದೆ."

ಲೋಕೇಶ ತಲೆ ತಗ್ಗಿಸಿದ. ತಪ್ಪು ಹಿಡಿದದ್ದಾಗಿದೆ, ಸರಿಮಾಡಿ ತರುತ್ತೇವೆ ಎಂದೆ. ಭಾವ ಗೂಟಕ್ಕೆ ಇನ್ನೊಂದು ಏಟು ಹಾಕಿದರು.

"ತನ್ನಿ, ಬ್ಯಾಡ ಅನ್ನಾಕಿಲ್ಲ. ಆದ್ರೆ ಮಾಡ್ದೋರೇ ಬಂದು ಅಟ್ಟಣೆ ಮ್ಯಾಲೆ ಕೂತ್ಕಬೇಕು. ಆಗ ನಾನು ಇಳೀತೀನಿ."

ಸರಿಮಾಡುವುದಕ್ಕೆ ಬೇಕಾದದ್ದು ಒಂದೇ ಸಾಲು: ಎಲ್ಲ ಮನೆಯಲ್ಲೂ ಸೊನ್ನೆ ಕಂಡರೆ ಮತ್ತೆ ಮೊದಲಿಂದ ಶುರುಮಾಡು. ಇಬ್ಬರ ಕಂಪ್ಯೂಟರಿನಲ್ಲೂ ನಮ್ಮ ಲೆಕ್ಕದ ನಂಬರುಗಳಿಂದಲೇ ಓಡಿಸಿದೆವು, ಶುರುವಿನ ಅಂಕಿ ಬದಲಿಸಿ ಬದಲಿಸಿ ಓಡಿಸಿದೆವು. ಲೋಕೇಶ ಸಾಕು ಎಂದ ಮೇಲೂ ನಾನು ಓಡಿಸಿದೆ. ಈ ಸಲ ಅವನು ಗೊಣಗಲಿಲ್ಲ.

ಮರುವರ್ಷ ಆ ಭಾಷೆಯ ನಿಯಮಗಳ ಹೊಸ ಆವೃತ್ತಿ ಹೊರಬಂತು. ಅದರಲ್ಲಿ ಆ ಫಂಕ್ಷನ್ ಯಾವ ಲೆಕ್ಕದಿಂದ ಸಂಖ್ಯೆ ಹುಟ್ಟಿಸಬೇಕೆಂದು ಸಾಲುಸಾಲಾಗಿ ಅಚ್ಚು ಹಾಕಿದ್ದರು. ಇನ್ನು ಮೇಲೆ ಯಾವ ಕಂಪನಿಯದಾದರೂ, ಯಾವ ಊರಿನಲ್ಲಾದರೂ, ಶುರುವಿನ ಅಂಕಿ ಒಂದೇ ಆದರೆ ಸಂಖ್ಯೆಗಳೂ ಒಂದೇ. ಲೋಕೇಶ ಆ ಪುಟಗಳ ಜೆರಾಕ್ಸ್ ಕಳಿಸಿ, ನಮ್ಮ ಥರ ಜಗಳವಾಡಿದವರು ಲೋಕದಲ್ಲಿ ಬಹಳ ಜನ ಇದ್ದಿರಬೇಕು ಎಂದ. ನಾನು ಖುಷಿಪಟ್ಟೆ. ಪಟ್ಟು, ಒಂದು ಹಾಳೆ ತೆಗೆದುಕೊಂಡು, ಅವರು ಹೇಳಿದ ಲೆಕ್ಕದಲ್ಲಿ ಮೊದಲ ಸಂಖ್ಯೆಯನ್ನು ಕೈಯಲ್ಲೇ ಮಾಡಿ ನೋಡಿದೆ. ಸರಿಯಾಗಿಯೇ ಇತ್ತು.

ಆದರೆ ಹೊಗೆಸೊಪ್ಪಿನ ವಾಸನೆ ಬಡಿದಾಗ ನನಗೆ ನೆನಪಾಗುವುದು ಆ ಪುಟಗಳಲ್ಲ. ಹೊಸ ಪೆಟ್ಟಿಗೆ ಕಟ್ಟಿದ ಮರುದಿನದ ಬೆಳಿಗ್ಗೆ. ಮಾತಿನಂತೆ ಲೋಕೇಶ ಕಂಬಳಿ ಹೊದ್ದು ಅಟ್ಟಣೆ ಹತ್ತಿದ್ದ. ಭಾವ ಮೊದಲ ಬಾರಿಗೆ ಆ ಮಳೆಗಾಲದಲ್ಲಿ ನಡುಮನೆಯಲ್ಲಿ ಚಾಪೆ ಹಾಸಿಕೊಂಡಿದ್ದರು. ಪೆಟ್ಟಿಗೆ ಹೊತ್ತುಗೊತ್ತಿಲ್ಲದೆ ಕೂಗಿದ್ದನ್ನು ನಾನು ಮಲಗಿದಲ್ಲೇ ಕೇಳಿದ್ದೆ. ಬೆಳಕಾದ ಮೇಲೆ ಲೋಕೇಶ ಇಳಿದು ಬಂದು, ಜೋಳದ ಒಂದು ಗರಿಯೂ ಮುರಿದಿಲ್ಲ ಎಂದ. ಅಕ್ಕ ಮಾತಾಡಬೇಡಿ ಎಂದು ನಮ್ಮಿಬ್ಬರಿಗೂ ಬಾಯಿ ಮೇಲೆ ಬೆರಳಿಟ್ಟು ತೋರಿಸಿದಳು. ಒಳಗೆ ಭಾವ ಬಾಯಿ ತೆರೆದು, ಒಂದು ಕೈ ಚಾಪೆಯಾಚೆ ಚಾಚಿ, ಪ್ರಪಂಚದ ಪರಿವೆಯಿಲ್ಲದೆ ಮಲಗಿದ್ದರು.

ಆಗ ಪುಟ್ಟಿ ಎದ್ದು ಅಡುಗೆಮನೆಗೆ ಓಡಿ ಬಂದಳು. ಅಕ್ಕನ ಸೆರಗು ಹಿಡಿದುಕೊಂಡಳು.

"ಅವ್ವಾ, ಅಪ್ಪಂಗೆ ಏನಾಯ್ತು? ಕರುದ್ರೂ ಏಳ್ತಿಲ್ಲ."

ಅಕ್ಕನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಏನೂ ಆಗಿಲ್ಲ ಕಣವ್ವ. ನಿಮ್ಮಪ್ಪ ನಿದ್ದೆ ಮಾಡ್ತಾವ್ರೆ."

ಪುಟ್ಟಿ ನಂಬಲಿಲ್ಲ. ಹಿಂತಿರುಗಿ ಹೋಗಿ ಅಪ್ಪನ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಮೂಗಿನ ಮುಂದೆ ಪುಟ್ಟ ಅಂಗೈ ಹಿಡಿದಳು. ಭಾವ ತಾವಾಗಿಯೇ ಕಣ್ಣು ಬಿಡುವವರೆಗೂ, ಅಕ್ಕ ಹಾಲು ಕುಡಿಯಲು ಕರೆದರೂ, ಅಲ್ಲಿಂದ ಏಳಲಿಲ್ಲ.